ಹತ್ತು ಕಪ್ಪುಗಳ ಹಿಂದಿನ ಊರು

ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಬಿಷಪ್ ಆಕ್ಲೆಂಡ್ ಬಗ್ಗೆ ನಿಮ್ಮ ಲೇಖನ ಓದಿ ಮನಸ್ಸು ತುಂಬಿತು. 1955, 56, 57ರಲ್ಲಿ ಸತತವಾಗಿ ಎಫ್‌ಎ ಅಮೆಚೂರ್ ಕಪ್ (ಹವ್ಯಾಸಿ ತಂಡಗಳ ಟೂರ್ನಿ; ಕ್ಲಬ್ಬಿಗೆ ಅದು ಒಟ್ಟು ಹತ್ತು ಬಾರಿ ಒಲಿದಿದೆ) ಗೆದ್ದದ್ದನ್ನು ವಿವರವಾಗಿ ಬರೆದಿದ್ದೀರಿ. ಆದರೆ 1954ರ ಫೈನಲ್ ಸೋಲನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದು ಬೇಸರವಾಯಿತು. ಎದುರಾಳಿ ಕ್ರೂಕ್ ಟೌನ್ ಪಕ್ಕದ ಊರಿನ ತಂಡ! ವೆಂಬ್ಲಿಯಲ್ಲಿ 2-2, ಮರುಪಂದ್ಯವೂ 2-2, ಮೂರನೆಯದರಲ್ಲಿ ಒಂದೇ ಒಂದು ಗೋಲಿನಿಂದ ಕಪ್ ಕೈತಪ್ಪಿತು. ಅಂಥ ಪೆಟ್ಟು ತಿಂದ ಮೇಲೂ ಮುಂದಿನ ಮೂರು ವರ್ಷ ಬಿಡದೆ ಗೆದ್ದರಲ್ಲ, ಅದು ನನಗೆ ದೊಡ್ಡದು.

ಇನ್ನೊಂದು ಮಾತು. 1958ರ ಮ್ಯೂನಿಕ್ ವಿಮಾನ ದುರಂತದಲ್ಲಿ ಆಟಗಾರರನ್ನು ಕಳೆದುಕೊಂಡ ಮ್ಯಾಂಚೆಸ್ಟರ್ ಯುನೈಟೆಡ್ಡಿಗೆ ನೆರವಾಗಲು ಹೋದದ್ದು ಈ ಕ್ಲಬ್ಬಿನ ಮೂವರು: ಹಾರ್ಡಿಸ್ಟಿ, ಲೆವಿನ್, ಬ್ರಾಡ್ಲಿ. ಹಾರ್ಡಿಸ್ಟಿಗೆ ಯುನೈಟೆಡ್ಡಿನ ಮ್ಯಾನೇಜರ್ ಮ್ಯಾಟ್ ಬಸ್ಬಿ ಹಳೆಯ ಪರಿಚಯ. 1948ರ ಒಲಿಂಪಿಕ್ಸ್‌ನಲ್ಲಿ ಹಾರ್ಡಿಸ್ಟಿ ಆಡಿದ ಬ್ರಿಟನ್ ತಂಡಕ್ಕೆ ಬಸ್ಬಿಯೇ ತರಬೇತುದಾರ. ಶಾಲಾ ಮೇಷ್ಟ್ರಾಗಿದ್ದ ಬ್ರಾಡ್ಲಿಯಂತೂ ಮರುವರ್ಷ ಇಂಗ್ಲೆಂಡ್ ಹಿರಿಯರ ತಂಡದಲ್ಲೇ ಆಡಿದರು.

ಕ್ಲಬ್ಬಿನ ಜೆರ್ಸಿಯ ಎರಡು ನೀಲಿ ಬಣ್ಣ, ಒಂದು ಗಾಢ, ಒಂದು ತಿಳಿ, ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ನಿಂದ ಬಂದು ಈ ಕ್ಲಬ್ ಕಟ್ಟಿದ ದೇವಶಾಸ್ತ್ರ ವಿದ್ಯಾರ್ಥಿಗಳ ಗುರುತು. ಇದನ್ನೂ ದಯವಿಟ್ಟು ಲೇಖನಕ್ಕೆ ಸೇರಿಸಿ.