ಸೀಲು, ಬಿಯರು ಮತ್ತು ನಮ್ಮ ಮಾವ

ನಮ್ಮ ಸೋದರಮಾವ ರೈಲ್ವೆಯಲ್ಲಿ 32 ವರ್ಷ ಕೆಲಸ ಮಾಡಿ ನಿವೃತ್ತರಾದವರು. ಸಿನಿಮಾ ಎಂದರೆ ಅವರಿಗೆ ರಾಜ್‌ಕುಮಾರ್, ಹಾಸ್ಯ ಎಂದರೆ ನರಸಿಂಹರಾಜು. ಅಲ್ಲಿಗೆ ಮುಗಿಯಿತು. ಕಳೆದ ಮಳೆಗಾಲದಲ್ಲಿ ನಾಲ್ಕು ದಿನ ನಮ್ಮ ಮನೆಯಲ್ಲಿದ್ದಾಗ, ಒಂದು ರಾತ್ರಿ ನಾನು ನೋಡುತ್ತಿದ್ದ ಜೆಕ್ ಸಿನಿಮಾದ ಮುಂದೆ ಅವರೂ ಬಂದು ಕೂತರು. ಇವಾನ್ ಪಾಸ್ಸೆರ್ 1965ರಲ್ಲಿ ಮಾಡಿದ ‘ಇಂಟಿಮೇಟ್ ಲೈಟಿಂಗ್’. ಪ್ರಾಗ್‌ನಿಂದ ಒಬ್ಬ ಚೆಲ್ಲೋ ವಾದಕ ಗೆಳತಿಯನ್ನು ಕರೆದುಕೊಂಡು ಹಳ್ಳಿಯ ಸ್ನೇಹಿತನ ಮನೆಗೆ ಬರುತ್ತಾನೆ. ಊಟ ಮಾಡುತ್ತಾರೆ. ಕೋಳಿಯ ಕಾಲು ಯಾರಿಗೆ ಎಂದು ತಟ್ಟೆಯಿಂದ ತಟ್ಟೆಗೆ ಓಡಾಡುತ್ತದೆ. ಪಿಟೀಲು ಕುಯ್ಯುತ್ತಾರೆ, ನಡುನಡುವೆ ಜಗಳ ಆಡುತ್ತಾರೆ. ಕುಡಿಯುತ್ತಾರೆ, ಮಲಗುತ್ತಾರೆ. ಕಥೆ ಅಂತ ಇರುವುದು ಇಷ್ಟೇ.

ಕೊನೆಯಲ್ಲಿ ಎಲ್ಲರೂ ಒಟ್ಟಿಗೆ ನಿಂತು ಗ್ಲಾಸ್ ಎತ್ತುತ್ತಾರೆ. ಒಳಗಿರುವುದು ಮೊಟ್ಟೆ ಹಾಕಿ ಮಾಡಿದ ಮದ್ಯ. ಎಷ್ಟು ಗಟ್ಟಿ ಎಂದರೆ ಗ್ಲಾಸ್ ಪೂರ್ತಿ ಬಗ್ಗಿಸಿದರೂ ಬೀಳುತ್ತಿಲ್ಲ. ತಲೆ ಹಿಂದಕ್ಕೆ ಹಾಕಿ, ಗ್ಲಾಸನ್ನು ಬಾಯಿಗೆ ಹಿಡಿದು ಕಾಯುತ್ತಾರೆ. ಕಾಯುತ್ತಲೇ ಇರುತ್ತಾರೆ.

“ನೆಟ್ ಹೋಯ್ತು ನೋಡೋ,” ಎಂದರು ಮಾವ.

“ಇಲ್ಲ ಮಾವ, ಸಿನಿಮಾನೇ ಹಾಗಿದೆ.”

“ಹಾಗಾದ್ರೆ ಇನ್ನೂ ಎಷ್ಟೊತ್ತು ನಿಂತಿರ್ತಾರಂತೆ?”

ಅಷ್ಟರಲ್ಲಿ ಸಿನಿಮಾ ಮುಗಿದೇ ಹೋಯಿತು. ಮಾವ ಏನೂ ಮಾತಾಡದೆ ಎದ್ದು ಹೋದರು. ಐದು ನಿಮಿಷ ಬಿಟ್ಟು ಅವರ ರೂಮಿನಿಂದ ನಗು ಕೇಳಿಸಿತು.

ಹೀಗೆ ತಡವಾಗಿ ಬರುವ ನಗುವಿನ ಮೇಲೆ ನನಗೆ ಆಸೆ ಜಾಸ್ತಿ. ಆ ಗ್ಲಾಸ್ ಹಿಡಿದವರು ನಮ್ಮನ್ನು ನಗಿಸಲು ನಿಂತಿಲ್ಲ. ಅವರಿಗೆ ಒಳಗಿರುವುದು ಬಾಯಿಗೆ ಬೀಳಬೇಕು, ಅಷ್ಟೇ. ಹಳೇ ಜೆಕ್ ಹಾಸ್ಯ ಚಿತ್ರಗಳಲ್ಲಿ ಜನ ಜುಜುಬಿ ವಿಷಯಕ್ಕೆ ಜೀವವನ್ನೇ ಪಣಕ್ಕಿಟ್ಟವರ ಹಾಗೆ ಇರುತ್ತಾರೆ. ದೊಡ್ಡ ವಿಷಯ ಬಂದಾಗ ಮಾತ್ರ ಎತ್ತಲೋ ನೋಡುತ್ತಾರೆ. ಇದಕ್ಕೆ ನನ್ನದೇ ಒಂದು ಕಾರಣವಿದೆ. ಆ ದೇಶದ ದೊಡ್ಡ ತೀರ್ಮಾನಗಳನ್ನು ಬಹಳ ಕಾಲ ವಿಯೆನ್ನಾದವರು ತೆಗೆದುಕೊಂಡರು, ಆಮೇಲೆ ಬರ್ಲಿನ್‌ನವರು, ಆಮೇಲೆ ಮಾಸ್ಕೋದವರು. ಬಿಯರ್ ಎಷ್ಟು ತಣ್ಣಗಿರಬೇಕು ಎಂಬುದನ್ನು ಮಾತ್ರ ಯಾರೂ ಕಿತ್ತುಕೊಳ್ಳಲಿಲ್ಲ.

ಬಿಯರ್ ವಿಷಯ ಸುಮ್ನೆ ಹೇಳಿದ್ದಲ್ಲ. ಯಿರ್ಝಿ ಮೆಂಜೆಲ್ 1985ರಲ್ಲಿ ಮಾಡಿದ ‘ಮೈ ಸ್ವೀಟ್ ಲಿಟಲ್ ವಿಲೇಜ್’ನಲ್ಲಿ ಪಾವೆಕ್ ಎಂಬ ದಪ್ಪನೆಯ ಲಾರಿ ಡ್ರೈವರ್ ಇದ್ದಾನೆ. ಬಿಯರ್ ಇಡಬೇಕಾದ್ದು ನೆಲಮಾಳಿಗೆಯ ಏಳನೇ ಮೆಟ್ಟಿಲ ಮೇಲೆ ಎಂಬುದು ಅವನ ಸಿದ್ಧಾಂತ. ಅಲ್ಲಿನ ತಂಪೇ ತಂಪು. ಡಿಕಾಕ್ಷನ್‌ಗೆ ನೀರು ಎಷ್ಟು ಕಾದಿರಬೇಕು ಎಂದು ಅರ್ಧ ಗಂಟೆ ವಾದ ಮಾಡುವ ಮನೆಯಲ್ಲಿ ಬೆಳೆದ ನನಗೆ ಪಾವೆಕ್ ಹೊರಗಿನವನು ಅನ್ನಿಸಲೇ ಇಲ್ಲ. ಅವನ ಸಹಾಯಕ ಓಟಿಕ್ ಕಡ್ಡಿಯಂಥ ಮನುಷ್ಯ, ಬುದ್ಧಿ ಸ್ವಲ್ಪ ನಿಧಾನ. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಪಾವೆಕ್‌ನ ಹೆಜ್ಜೆಗೆ ಹೆಜ್ಜೆ ಸೇರಿಸಿ ನಡೆಯುವುದೇ ಅವನಿಗೆ ಒಂದು ಕೆಲಸ. ಓಟಿಕ್ ಪಾತ್ರ ಮಾಡಿದವನು ಹಂಗೇರಿಯ ನಟ, ಪಾವೆಕ್ ಪಾತ್ರದವನು ಸ್ಲೊವಾಕಿಯಾದವನು. ಜೆಕ್ ಹಳ್ಳಿಯ ಅಷ್ಟು ಪಕ್ಕಾ ಜೋಡಿ ಸಿಕ್ಕಿದ್ದು ಹೊರಗಿನಿಂದ, ನೋಡಿ.

ಮಿಲೋಶ್ ಫೋರ್ಮನ್ 1965ರಲ್ಲಿ ಮಾಡಿದ ‘ಲವ್ಸ್ ಆಫ್ ಎ ಬ್ಲಾಂಡ್’ ನಡೆಯುವುದು ಜ್ರುಚ್ ಎಂಬ ಊರಿನಲ್ಲಿ. ಅಲ್ಲಿ ಶೂ ಫ್ಯಾಕ್ಟರಿ ಬಂದದ್ದು ಬಾಟಾ ಕಂಪನಿಯಿಂದ. ಹೌದು, ನಮ್ಮ ಸಂತೆ ಬೀದಿಯ ಬಾಟಾ! 1894ರಲ್ಲಿ ಜ್ಲೀನ್ ಎಂಬ ಜೆಕ್ ಊರಿನಲ್ಲಿ ಹುಟ್ಟಿದ ಕಂಪನಿ. ನಮ್ಮಜ್ಜ ಸಾಯುವವರೆಗೂ ಅದನ್ನು ಕಲ್ಕತ್ತಾದ್ದು ಎಂದೇ ನಂಬಿದ್ದರು. ಸಿನಿಮಾದಲ್ಲಿ ಫ್ಯಾಕ್ಟರಿ ತುಂಬ ಹುಡುಗಿಯರು, ಊರಿನಲ್ಲಿ ಗಂಡಸರೇ ಇಲ್ಲ. ಮ್ಯಾನೇಜರ್ ಹೋಗಿ ಸೈನ್ಯದವರನ್ನು ಕೇಳಿಕೊಳ್ಳುತ್ತಾನೆ. ರೈಲು ಬರುತ್ತದೆ, ಹುಡುಗಿಯರು ಸಿಂಗರಿಸಿಕೊಂಡು ಕಾಯುತ್ತಾರೆ. ಇಳಿಯುವುದು ಹೊಟ್ಟೆ ಬಂದ, ಮದುವೆಯಾದ ಮೀಸಲು ಪಡೆಯವರು. ಸಂಜೆ ಡ್ಯಾನ್ಸ್ ಹಾಲ್‌ನಲ್ಲಿ ಅವರಲ್ಲೊಬ್ಬ ಮೇಜಿನ ಕೆಳಗೆ ಕೈ ಇಟ್ಟು ಮದುವೆಯ ಉಂಗುರ ಬಿಚ್ಚುತ್ತಾನೆ. ಅದು ಜಾರಿ ಉರುಳತೊಡಗುತ್ತದೆ. ಮೇಜು, ಕಾಲು, ಕುರ್ಚಿ ಎಲ್ಲ ದಾಟಿ ಹೋಗುತ್ತದೆ. ಅವನೂ ಅದರ ಹಿಂದೆ. ಆ ಉಂಗುರ ನಿಲ್ಲುವವರೆಗೆ ನನಗೂ ಉಸಿರು ನಿಂತಿರುತ್ತದೆ, ಇವನು ಮೋಸಗಾರ ಎಂಬುದು ನೆನಪಿಗೇ ಬರುವುದಿಲ್ಲ.

ಒಂದೇ ಸಿನಿಮಾ ನೋಡುತ್ತೇನೆ ಎನ್ನುವವರಿಗೆ ನಾನು ಹೇಳುವುದು ಫೋರ್ಮನ್‌ರ ‘ದಿ ಫೈರ್‌ಮೆನ್ಸ್ ಬಾಲ್’, 1967ರದ್ದು. ಫೋರ್ಮನ್ ಮತ್ತು ಗೆಳೆಯರು ಬೇರೆ ಯಾವುದೋ ಚಿತ್ರಕಥೆ ಬರೆಯಲು ಬೆಟ್ಟದ ಕಡೆ ಹೋಗಿದ್ದರಂತೆ. ಒಂದು ಸಂಜೆ ಬೇಜಾರು ಕಳೆಯಲು ವರ್ಖ್ಲಾಬಿ ಎಂಬ ಊರಿನಲ್ಲಿ ಅಗ್ನಿಶಾಮಕ ದಳದವರ ಡ್ಯಾನ್ಸ್ ಪಾರ್ಟಿಗೆ ಹೋದರು. ಮಾರನೇ ದಿನದಿಂದ ಬರೆಯುತ್ತಿದ್ದ ಕಥೆ ಬಿಟ್ಟು ಇದರ ಬಗ್ಗೆಯೇ ಮಾತು. ಸಿನಿಮಾ ಮಾಡಿದಾಗ ಪಾತ್ರಗಳಲ್ಲಿ ಹೆಚ್ಚಿನವರು ಆ ಊರಿನ ಜನರೇ.

ಪಾರ್ಟಿಯಲ್ಲಿ ಲಕ್ಕಿ ಡಿಪ್ ಇದೆ. ಬಹುಮಾನಗಳನ್ನು ಮೇಜಿನ ಮೇಲೆ ಜೋಡಿಸಿದ್ದಾರೆ, ಕಾಯಲು ಒಬ್ಬನನ್ನು ಕೂರಿಸಿದ್ದಾರೆ. ಆದರೂ ಒಂದೊಂದೇ ಮಾಯವಾಗುತ್ತದೆ. ಈ ನಡುವೆ ಹತ್ತಿರದಲ್ಲೇ ಒಬ್ಬ ಮುದುಕನ ಮನೆಗೆ ಬೆಂಕಿ ಬೀಳುತ್ತದೆ. ದಳದ ಗಾಡಿ ಹಿಮದಲ್ಲಿ ಸಿಕ್ಕಿಕೊಳ್ಳುತ್ತದೆ. ಮುದುಕನನ್ನು ಕುರ್ಚಿಯ ಮೇಲೆ ಕೂರಿಸುತ್ತಾರೆ. ಉರಿಯುವ ಮನೆ ಕಾಣದಿರಲಿ ಎಂದು ಕುರ್ಚಿಯನ್ನು ಆ ಕಡೆ ತಿರುಗಿಸುತ್ತಾರೆ. ಚಳಿಯಾಗುತ್ತದಲ್ಲ? ಕುರ್ಚಿಯನ್ನು ಬೆಂಕಿಯ ಹತ್ತಿರಕ್ಕೆ ಸರಿಸುತ್ತಾರೆ. ಯಾರೂ ಕೆಟ್ಟವರಲ್ಲ. ಅವರವರ ಮಟ್ಟಿಗೆ ಎಲ್ಲರೂ ಉಪಕಾರವನ್ನೇ ಮಾಡುತ್ತಿದ್ದಾರೆ.

ಹಾಲ್‌ಗೆ ವಾಪಸ್ ಬಂದರೆ ಮೇಜು ಹೆಚ್ಚುಕಡಿಮೆ ಖಾಲಿ. ಕಮಿಟಿಯವರು ಮರ್ಯಾದೆಯ ದಾರಿ ಹುಡುಕುತ್ತಾರೆ. ದೀಪ ಆರಿಸುತ್ತೇವೆ, ಕದ್ದವರು ಕತ್ತಲಲ್ಲೇ ತಂದಿಟ್ಟುಬಿಡಿ ಎನ್ನುತ್ತಾರೆ. ದೀಪ ಆರುತ್ತದೆ. ಮತ್ತೆ ಹತ್ತಿದಾಗ ಉಳಿದಿದ್ದದ್ದೂ ಹೋಗಿದೆ. ಮೇಜಿನ ಹತ್ತಿರ ನಿಂತವನು ಒಬ್ಬನೇ. ಬಹುಮಾನ ಕಾಯಲು ಕೂತಿದ್ದನಲ್ಲ, ಅವನೇ. ಅವನ ಹೆಂಡತಿ ಕದ್ದಿದ್ದ ತ್ಲಚೆಂಕಾವನ್ನು ವಾಪಸ್ ಇಡಲು ಬಂದು ಸಿಕ್ಕಿಬಿದ್ದಿದ್ದಾನೆ. ತ್ಲಚೆಂಕಾ ಎಂದರೆ ಹಂದಿಯ ತಲೆಮಾಂಸ ಬೇಯಿಸಿ, ಒತ್ತಿ, ಗಟ್ಟಿ ಮಾಡಿದ ತಿನಿಸು. ಮನುಷ್ಯ ಅಲ್ಲೇ ತಲೆ ಸುತ್ತಿ ಬೀಳುತ್ತಾನೆ. ಒಳಗೆ ಕಮಿಟಿ ಸೇರಿ ಚರ್ಚೆ ಮಾಡುತ್ತದೆ. ಕದ್ದದ್ದರ ಬಗ್ಗೆ ಅಂದುಕೊಂಡಿರಾ? ವಾಪಸ್ ಯಾಕೆ ಇಟ್ಟ ಎಂಬುದರ ಬಗ್ಗೆ! ದಳದ ಮಾನ ಹೋಯಿತಲ್ಲ.

ನಾನು ಒಂದು ಸಂಘದ ಕಮಿಟಿಯಲ್ಲಿ ಎರಡು ವರ್ಷ ಇದ್ದೆ. ಆ ಚರ್ಚೆಯ ಒಂದೊಂದು ಮಾತನ್ನೂ ಅಲ್ಲಿ ಕೇಳಿದ್ದೇನೆ. ವಿಷಯ ಮಾತ್ರ ಹಂದಿಮಾಂಸವಲ್ಲ, ಪ್ಲಾಸ್ಟಿಕ್ ಕುರ್ಚಿ.

1968ರ ಆಗಸ್ಟ್‌ನಲ್ಲಿ ರಷ್ಯಾದ ಟ್ಯಾಂಕ್‌ಗಳು ಪ್ರಾಗ್‌ಗೆ ಬಂದ ಮೇಲೆ ಈ ಸಿನಿಮಾ ನಿಷೇಧವಾಯಿತು. ಫೋರ್ಮನ್ ಅಮೆರಿಕಕ್ಕೆ ಹೋಗಿ ಎರಡು ಆಸ್ಕರ್ ಗೆದ್ದರು. ಆ ಚಿತ್ರಗಳೂ ಚೆನ್ನಾಗಿವೆ. ಆದರೆ ತ್ಲಚೆಂಕಾ ಹಿಡಿದು ನಿಂತವನ ಮುಖ ಅಲ್ಲಿ ಸಿಗುವುದಿಲ್ಲ.

ಕೆಲವು ತಮಾಷೆಗಳು ಭಾಷೆ ಬಿಟ್ಟು ಈಚೆಗೆ ಬರುವುದಿಲ್ಲ, ಒಪ್ಪಿಕೊಳ್ಳಬೇಕು. 1976ರ ಒಂದು ಚಿತ್ರದಲ್ಲಿ ಫ್ಯಾಕ್ಟರಿ ಕೆಲಸಗಾರರು ಸಂಜೆ ಶಾಲೆಗೆ ಸೇರುತ್ತಾರೆ. ಹ್ಲಿನೀಕ್ ಬಗ್ಗೆ ಏನು ಗೊತ್ತು ಎಂದು ಮೇಷ್ಟ್ರು ಕೇಳುತ್ತಾರೆ. ಜೆಕ್‌ನಲ್ಲಿ ಹ್ಲಿನೀಕ್ ಎಂದರೆ ಅಲ್ಯೂಮಿನಿಯಂ, ಅದು ಜನರ ಹೆಸರೂ ಹೌದು. “ಹ್ಲಿನೀಕ್ ಹುಂಪೊಲೆಟ್ಸ್‌ಗೆ ಮನೆ ಬದಲಾಯಿಸಿದ” ಎಂದು ಉತ್ತರ ಬರುತ್ತದೆ. ಸಬ್‌ಟೈಟಲ್‌ನಲ್ಲಿ ಓದಿ ನಾನು ಪೆಚ್ಚಾಗಿ ಕೂತಿದ್ದೆ. ಆಮೇಲೆ ಕನ್ನಡಕ್ಕೆ ತಂದುಕೊಂಡೆ: “ಮುತ್ತು ಬಗ್ಗೆ ಏನು ಗೊತ್ತು?” “ಮುತ್ತು ತಿಪಟೂರಿಗೆ ಹೋದ ಸಾರ್.” ಆಗ ಬಂತು ನಗು. ಹುಂಪೊಲೆಟ್ಸ್ ನಿಜವಾದ ಊರು. ಅಲ್ಲಿನವರು ಹ್ಲಿನೀಕನ ನೆನಪಿಗೆ ಒಂದು ಫಲಕವನ್ನೂ ಹಾಕಿದ್ದಾರೆ.

ಮಾವ ಹೊರಡುವ ಹಿಂದಿನ ರಾತ್ರಿ ಅವರೇ ಕೇಳಿದರು, “ನಿನ್ನ ಆ ದೇಶದವರದ್ದು ರೈಲಿನ ಪಿಕ್ಚರ್ ಏನಾದ್ರೂ ಇದೆಯೇನೋ?” ಇಲ್ಲದೆ ಏನು! ಮೆಂಜೆಲ್ 28ನೇ ವಯಸ್ಸಿನಲ್ಲಿ ಮಾಡಿದ, 1968ರಲ್ಲಿ ಆಸ್ಕರ್ ಗೆದ್ದ ‘ಕ್ಲೋಸ್ಲಿ ವಾಚ್ಡ್ ಟ್ರೇನ್ಸ್’. ಬೊಹುಮಿಲ್ ಹ್ರಬಾಲ್ ಬರೆದ ಕಥೆ. ಮೆಂಜೆಲ್ ಹುಚ್ಚು ನನಗೊಬ್ಬನಿಗೇ ಅಲ್ಲ. ನಮ್ಮ ದೇಶದ ನಿರ್ದೇಶಕ ಶಿವೇಂದ್ರ ಸಿಂಗ್ ಡುಂಗರ್‌ಪುರ್ ಅವರು ಮೆಂಜೆಲ್ ಬಗ್ಗೆ ಏಳು ಗಂಟೆಗೂ ಉದ್ದದ ಸಾಕ್ಷ್ಯಚಿತ್ರ ಮಾಡಿದ್ದಾರೆ.

ಯುದ್ಧದ ಕಾಲ. ಜರ್ಮನ್ನರ ಕೈಕೆಳಗೆ ಒಂದು ಸಣ್ಣ ಸ್ಟೇಷನ್. ಸ್ಟೇಷನ್ ಮಾಸ್ಟರ್‌ಗೆ ರೈಲಿಗಿಂತ ಪಾರಿವಾಳದ ಚಿಂತೆ. ಆ ಸೀಲಿನ ಸೀನ್ ಬರುತ್ತದೆ ಎಂಬುದು ನನಗೆ ಮರೆತೇ ಹೋಗಿತ್ತು. ರಾತ್ರಿ ಪಾಳಿಯಲ್ಲಿ ಹುಬಿಚ್ಕಾ ಎಂಬ ರಸಿಕ ನೌಕರ, ಟೆಲಿಗ್ರಾಫ್ ಹುಡುಗಿಯ ತೊಡೆಗೆ, ಹಿಂಭಾಗಕ್ಕೆ ಸ್ಟೇಷನ್ನಿನ ಸೀಲುಗಳನ್ನು ಒಂದೊಂದಾಗಿ ಒತ್ತುತ್ತಾನೆ. ಮಾವನ ಪಕ್ಕ ಕೂತು ಅದನ್ನು ನೋಡುವುದು! ನಾನು ರಿಮೋಟ್ ಹುಡುಕತೊಡಗಿದೆ.

ಮಾವ ಮುಂದಕ್ಕೆ ಬಗ್ಗಿ ಕೂತಿದ್ದರು. “ಅಷ್ಟು ಜೋರಾಗಿ ಒತ್ತಬಾರದು,” ಎಂದರು. “ಅಕ್ಷರ ಕದಡುತ್ತೆ.”

ಮುಂದೆ ಹುಡುಗಿಯ ತಾಯಿ ದೂರು ಕೊಡುತ್ತಾಳೆ. ವಿಚಾರಣೆಗೆ ಮೇಲಧಿಕಾರಿ ಬರುತ್ತಾನೆ. ಕೊನೆಗೆ ಸಿಗುವ ತಪ್ಪು ಯಾವುದು ಗೊತ್ತಾ? ಸೀಲಿನಲ್ಲಿ ಜರ್ಮನ್ ಅಕ್ಷರಗಳಿವೆ, ಆದ್ದರಿಂದ ಜರ್ಮನ್ ಭಾಷೆಗೆ ಅವಮಾನವಾಗಿದೆ. ನಾನು ನಗುತ್ತಿದ್ದೆ. ಮಾವ ನಗಲಿಲ್ಲ. ಅವರ ಪ್ರಕಾರ ವಿಚಾರಣೆ ಸರಿಯಾಗಿ ನಡೆಯಲಿಲ್ಲ, ಆ ಹೊತ್ತಿನಲ್ಲಿ ಸೀಲು ಯಾರ ಸುಪರ್ದಿನಲ್ಲಿತ್ತು ಎಂದು ಯಾರೂ ಕೇಳಲೇ ಇಲ್ಲ. ಸಿನಿಮಾದ ಕೊನೆಗೆ, ಅಷ್ಟೊತ್ತು ನಮ್ಮನ್ನು ನಗಿಸಿದ, ಸ್ಟೇಷನ್ನಿಗೆ ಹೊಸದಾಗಿ ಕೆಲಸಕ್ಕೆ ಸೇರಿದ್ದ ಹುಡುಗ ಮದ್ದುಗುಂಡಿನ ರೈಲಿಗೆ ಬಾಂಬ್ ಹಾಕಿ ಗುಂಡೇಟಿಗೆ ಸಾಯುತ್ತಾನೆ. ಅವನ ಟೋಪಿ ಗಾಳಿಗೆ ಉರುಳಿಕೊಂಡು ಬರುತ್ತದೆ. ಮಾವ ಕನ್ನಡಕ ತೆಗೆದು ಒರೆಸಿಕೊಂಡು ಮಲಗಲು ಹೋದರು. ಆ ರಾತ್ರಿ ರೂಮಿನಿಂದ ಏನೂ ಕೇಳಲಿಲ್ಲ.

ವಾರ ಬಿಟ್ಟು ಊರಿನಿಂದ ಫೋನ್ ಬಂತು. ಕುಶಲ ಗಿಶಲ ಏನೂ ಇಲ್ಲ.

“ಆ ಇಂಕು ಸೋಪಿಗೂ ಹೋಗ್ತಿರಲಿಲ್ಲ ಕಣೋ,” ಎಂದರು. “ಒಂದ್ಸಲ ಹತ್ತಿದ್ರೆ ವಾರಗಟ್ಟಲೆ ಇರ್ತಿತ್ತು. ನಂಗೊತ್ತು.”

ಹಿಂದಿನಿಂದ ಅತ್ತೆಯ ದನಿ ಕೇಳಿಸಿತು. “ಯಾರಿಗ್ರೀ ಹತ್ತಿತ್ತು?”

ಮಾವ ಫೋನ್ ಇಟ್ಟರು.