ಹಿಂಬದಿಯ 1896 ನೋಡಿ ಮೋಸ ಹೋಗಬೇಡಿ

ಅಮೆರಿಕದ ಹಳೇ ಡಿಪಾರ್ಟ್‌ಮೆಂಟ್ ಸ್ಟೋರ್‌ಗಳ ಪಿನ್ ಬ್ಯಾಡ್ಜು ಮಾರುವವರದ್ದು ಒಂದು ಚಾಳಿ. ಬ್ಯಾಡ್ಜು ತಿರುಗಿಸಿದಾಗ ಒಳಗಿನ ಕಾಗದದಲ್ಲಿ 1896 ಅಂತ ಕಂಡರೆ ಸಾಕು, ‘1896ರ ಮಾಲು’ ಅಂತ ಬೆಲೆ ಏರಿಸಿಬಿಡುತ್ತಾರೆ. ಅದು ಪೇಟೆಂಟ್ ಸಿಕ್ಕ ವರ್ಷ ಮಾರಾಯ್ರೆ, ಬ್ಯಾಡ್ಜು ತಯಾರಾದ ವರ್ಷ ಅಲ್ಲ! ನ್ಯೂಜೆರ್ಸಿಯ ನ್ಯೂಅರ್ಕ್‌ನಲ್ಲಿದ್ದ ಬ್ಯಾಡ್ಜು ತಯಾರಕ ವೈಟ್‌ಹೆಡ್ ಅಂಡ್ ಹೋಗ್ ಕಂಪನಿ 1894ರ ಜುಲೈ 17, 1896ರ ಏಪ್ರಿಲ್ 14 ಮತ್ತು ಜುಲೈ 21ರ ಪೇಟೆಂಟ್ ತಾರೀಖುಗಳನ್ನು ಆಮೇಲೂ ಎಷ್ಟೋ ವರ್ಷ ಅಚ್ಚು ಹಾಕುತ್ತಲೇ ಇತ್ತು. ಸಾಲದ್ದಕ್ಕೆ ಅದು ಬಿಡಿ ಕಾಗದ. ಒಂದರಿಂದ ಕಿತ್ತು ಇನ್ನೊಂದಕ್ಕೆ ತುರುಕಬಹುದು.

ಅದಕ್ಕಿಂತ ಅಂಗಡಿಯ ಚರಿತ್ರೆಯೇ ವಾಸಿ. ಗಿಂಬೆಲ್ಸ್ ನ್ಯೂಯಾರ್ಕಿನಲ್ಲಿ ಬಾಗಿಲು ತೆರೆದದ್ದು 1910ರಲ್ಲಿ. ಹಾಗಾಗಿ ‘ಗಿಂಬೆಲ್ಸ್, ನ್ಯೂಯಾರ್ಕ್’ ಅಂತಿದ್ದರೆ ಕಾಗದ ಏನೇ ಹೇಳಲಿ, ಅದಕ್ಕಿಂತ ಹಿಂದಿನದಲ್ಲ. ಮೇಸೀಸ್ ಅಂಗಡಿ ನ್ಯೂಯಾರ್ಕಿನ ಹೆರಾಲ್ಡ್ ಸ್ಕ್ವೇರ್‌ಗೆ ಬಂದದ್ದು 1902ರಲ್ಲಿ. ಹಾಗಾಗಿ ಮೇಸೀಸ್ ಬ್ಯಾಡ್ಜಿನಲ್ಲಿ ಆ ಜಾಗದ ಹೆಸರಿದ್ದರೆ ಅದೂ ಅದಕ್ಕಿಂತ ಹಿಂದಿನದಲ್ಲ. ಅಂಚಿನಲ್ಲಿ ತಯಾರಕರ ವಿಳಾಸವಿದ್ದು ಅದರಲ್ಲಿ ಐದಂಕಿಯ ಜಿಪ್ ಕೋಡ್ (ಅಲ್ಲಿನ ಅಂಚೆ ಸಂಖ್ಯೆ) ಕಂಡರೆ 1963ರ ಈಚಿನದು.

ಆಮೇಲೆ ಅಂಚು ನೋಡಿ. ಸೆಲ್ಯುಲಾಯ್ಡ್ ಬ್ಯಾಡ್ಜಿನಲ್ಲಿ ತಗಡಿನ ಬಿಲ್ಲೆ, ಅದರ ಮೇಲೆ ಅಚ್ಚಾದ ಕಾಗದ, ಅದರ ಮೇಲೆ ಸೆಲ್ಯುಲಾಯ್ಡ್ ಎಂಬ ಹಳೇ ಪ್ಲಾಸ್ಟಿಕ್ಕಿನ ಪಾರದರ್ಶಕ ಹಾಳೆ. ಮೂರನ್ನೂ ಹಿಂದಕ್ಕೆ ಮಡಚಿ ಲೋಹದ ಬಳೆ ಒತ್ತಿರುತ್ತಾರೆ. ಆ ಬಳೆಯೊಳಗೆ ಸ್ಪ್ರಿಂಗಿನಂಥ ಪಿನ್ನು. ಲಿಥೋ ಬ್ಯಾಡ್ಜಿನಲ್ಲಿ ಬಣ್ಣ ನೇರ ತಗಡಿನ ಮೇಲೇ. ಗೀರು ಬಿದ್ದ ಕಡೆ ಬರೀ ಲೋಹ ಹೊಳೆಯುತ್ತದೆ. ಈ ಬಗೆ ಚಾಲ್ತಿಗೆ ಬಂದದ್ದು 1920ರ ಆಸುಪಾಸು.

ಕ್ರಿಸ್ಮಸ್‌ಗೆ ಮಕ್ಕಳಿಗೆ ಹಂಚುತ್ತಿದ್ದ ಸಾಂತಾ ಬ್ಯಾಡ್ಜುಗಳಲ್ಲಿ ಇನ್ನಷ್ಟು ಹುಷಾರು. ಅಮೆರಿಕದ 1973ರ ಹಾಬಿ ಪ್ರೊಟೆಕ್ಷನ್ ಕಾಯ್ದೆ ರಾಜಕೀಯ ಬ್ಯಾಡ್ಜಿನ ನಕಲಿಗೆ ಇಸವಿ ಹಾಕಲೇಬೇಕು ಅನ್ನುತ್ತದೆ. ಅಂಗಡಿ ಜಾಹೀರಾತಿಗೆ ಆ ಕಟ್ಟುಪಾಡಿಲ್ಲ. ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ಸಾಂತಾನ ಕೆಂಪು ಕೋಟು ನೋಡಿ. ನಾಲ್ಕು ಬಣ್ಣದ ಚುಕ್ಕಿಗಳು ಪುಟ್ಟ ಹೂವಿನಂತೆ ಸಾಲಾಗಿ ಕೂತಿದ್ದರೆ ಈಚಿನ ಆಫ್‌ಸೆಟ್ ಮುದ್ರಣ ಅಂತ ಸಂಶಯಪಡಿ. ಬ್ಯಾಡ್ಜಿನ ಮೇಲಿನ ಕಪ್ಪುಬಿಳುಪು ಫೋಟೊದಲ್ಲಿ ಚುಕ್ಕಿ ಕಂಡರೆ ಗಾಬರಿ ಬೇಡ, ಹಳೆಯದರಲ್ಲೂ ಅದು ಇರುತ್ತದೆ.

ಕೊಂಡ ಮೇಲೆ ತೊಳೆಯಲು ಹೋಗಬೇಡಿ. ನೀರು ಬಳೆಯ ಸಂದಿಯಿಂದ ಇಳಿದು ತಗಡಿಗೆ ತುಕ್ಕು ಹಿಡಿಸುತ್ತದೆ, ಕಾಗದದಲ್ಲಿ ಕಂದು ಕಲೆ ಏಳುತ್ತದೆ. ಅದು ಹಾಳೆಯ ಅಡಿಯಲ್ಲಿರುವುದರಿಂದ ಎಷ್ಟು ಉಜ್ಜಿದರೂ ಹೋಗದು. ಉಗುರುಬಣ್ಣ ತೆಗೆಯುವ ಅಸಿಟೋನ್ ತಾಗಿಸಿದಿರೋ, ಸೆಲ್ಯುಲಾಯ್ಡೇ ಕರಗುತ್ತದೆ. ಒಣ ಮೆತ್ತನೆ ಬಟ್ಟೆ ಸಾಕು. ಪಿವಿಸಿ ಚೀಲ ಬೇಡ, ಗಾಳಿಯಾಡುವ ರಟ್ಟಿನ ಪೆಟ್ಟಿಗೆ ಇರಲಿ. ದೀಪ, ಒಲೆಯಿಂದ ದೂರವಿಡಿ. ಸೆಲ್ಯುಲಾಯ್ಡ್ ಬೇಗ ಹೊತ್ತಿಕೊಳ್ಳುತ್ತದೆ.