ಪುಷ್ಯ ಮಳೇಲಿ ಬ್ರೂನೋ ಎಲ್ಲಿ ವಾಕಿಂಗ್ ಹೋಗ್ಬೇಕು?

ಚಿಕ್ಕಮಗಳೂರಿಗೆ ನಾಯಿಗಳ ಒಳಾಂಗಣ ಪಾರ್ಕು ಬೇಕು ಅನ್ನೋ ಮನವಿಯ ವಿಚಾರ ನಿಮಗೆಲ್ಲ ಗೊತ್ತೇ ಇದೆ. ಗೊತ್ತಿಲ್ಲದವರಿಗೆ ಪಕ್ಕದ ಮನೆಯವರು ಇಷ್ಟೊತ್ತಿಗೆ ವಿವರಿಸಿ ಸಹಿಯನ್ನೂ ಹಾಕಿಸಿಕೊಂಡಿರುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಹೊಯ್ಯೋ ಮಳೆಯಲ್ಲಿ ಬ್ರೂನೋ ಥರದ ಸಾಕುನಾಯಿಗಳಿಗೆ ವಾಕಿಂಗ್ ಇಲ್ಲ, ಮೈ ಬಂದಿದೆ, ಮನಸ್ಸು ಕುಗ್ಗಿದೆ, ಸೋಫಾದ ಹತ್ತಿ ಈಚೆ ಬಂದಿದೆ. ಆದ್ದರಿಂದ ಮೇಲೆ ಶೀಟು, ಕೆಳಗೆ ರಬ್ಬರ್ ನೆಲ, ಗೋಡೆಗೆ ಬೆಟ್ಟಗುಡ್ಡದ ಚಿತ್ರ ಇರೋ ಒಂದು ಹಾಲ್ ಕಟ್ಟಿಸಿಕೊಡಿ ಅನ್ನೋದು ಸಾರಾಂಶ. ಬೆಟ್ಟದ ಚಿತ್ರ! ಕಿಟಕಿ ತೆಗೆದರೆ ಮುಳ್ಳಯ್ಯನಗಿರಿ, 1,930 ಮೀಟರ್, ರಾಜ್ಯಕ್ಕೇ ಎತ್ತರದ್ದು. ಆದರೆ ಅದರ ಮೇಲೆ ಮಳೆ ಬೀಳುತ್ತೆ, ಚಿತ್ರದ ಮೇಲೆ ಬೀಳಲ್ಲ. ಯೋಚನೆ ಮಾಡಿಯೇ ಬರೆದಿದ್ದಾರೆ ಮಾರಾಯ್ರೇ.

2025ರಲ್ಲಿ ಬೆಂಗಳೂರಿನವರು ಬೀದಿನಾಯಿಗಳಿಗೆ ಕೋಳಿ, ಅನ್ನ ಹಾಕೋಕೆ 2.88 ಕೋಟಿ ರೂಪಾಯಿ ಲೆಕ್ಕ ಹಾಕಿದಾಗ ನಾವು ಘಟ್ಟದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಈಗ ನಗೋ ಸರದಿ ಅವರದ್ದು.

ಹಾಗಂತ ಇದು ಪೂರ್ತಿ ತಲೆಹರಟೆ ಅನ್ನೋಕೂ ಆಗಲ್ಲ. ನಾಯಿಗೆ ಅಂತಲೇ ಬಿಟ್ಟ ಪಾರ್ಕು ಅಮೆರಿಕದ ಬರ್ಕ್ಲಿಯಲ್ಲಿ 1979ರಲ್ಲೇ ಆಗಿದೆ. ಆ ದೇಶದ ಉತ್ತರದ ಕಡೆ ಚಳಿಗಾಲದಲ್ಲಿ ನಾಯಿಯ ಪಾದ ಮಂಜಿಗೆ ಮರಗಟ್ಟುತ್ತೆ, ರಸ್ತೆಯ ಹಿಮ ಕರಗಿಸೋಕೆ ಎರಚಿದ ಉಪ್ಪಿಗೆ ಅಂಗಾಲು ಉರಿಯುತ್ತೆ. ಅಲ್ಲಿ ಒಳಾಂಗಣ ಬೇಕಾಯಿತು, ಕಟ್ಟಿಕೊಂಡರು, ಟಿಕೆಟ್ ಇಟ್ಟರು, ಲಸಿಕೆ ಚೀಟಿ ತೋರಿಸದ ನಾಯಿಯನ್ನು ಒಳಗೆ ಬಿಡಲ್ಲ. ಸರಿಯಾಗಿಯೇ ಇದೆ. ನಮ್ಮಲ್ಲಿ ಬೀಳೋದು ನೀರು. ನೀರು ಬಿದ್ದರೆ ನಾಯಿ ಮೈ ಕೊಡವುತ್ತೆ. ಕೊಡವೋದು ಹೇಗೆ ಅಂತ ಅದಕ್ಕೆ ಯಾರೂ ಟ್ರೈನಿಂಗ್ ಕೊಟ್ಟಿಲ್ಲ.

ಕಳಸ, ಕೊಪ್ಪದ ಕಡೆ ಯಾವುದಾದರೂ ತೋಟದ ನಾಯಿಯನ್ನು ಆರಿದ್ರಾ ಮಳೆಯಲ್ಲಿ ನೋಡಿ. ತೋಟದ ಲೆಕ್ಕ ನೋಡೋ ರೈಟ್ರು ಕೊಪ್ಪೆ ಹಾಕಿಕೊಂಡು ಗೇಟು ದಾಟೋ ಮೊದಲೇ ಅದು ಹಳ್ಳದ ಆಚೆ ಇರುತ್ತೆ. ಕಾಫಿ ಗಿಡದ ಬುಡದಲ್ಲಿ ಏನೋ ಕೆದಕುತ್ತೆ, ಏಡಿ ಹಿಡಿಯೋಕೆ ಹೋಗಿ ಮೂತಿ ಕಚ್ಚಿಸಿಕೊಂಡು ಕುಯ್ಯೋ ಅನ್ನುತ್ತೆ, ಬೆರಳ ಸಂದಿಗೆ ಉಂಬಳ, ಅಂದರೆ ಜಿಗಣೆ, ಹತ್ತಿಸಿಕೊಂಡು ಮಧ್ಯಾಹ್ನಕ್ಕೆ ವಾಪಸ್ ಬರುತ್ತೆ. ಮನೆಯಮ್ಮ ಉಪ್ಪಿನ ಚೀಲದಿಂದ ಒಂದು ಚಿಟಿಕೆ ತಂದು ಉಂಬಳಕ್ಕೆ ಹಾಕುತ್ತಾರೆ, ಬೈಯುತ್ತಾರೆ. ಆಮೇಲೆ ನಾಯಿ ಸೀದಾ ಬಚ್ಚಲೊಲೆ ಹತ್ತಿರ ಹೋಗಿ, ಇನ್ನೂ ಬಿಸಿ ಆರದ ಬೂದಿಯಲ್ಲಿ ಅರ್ಧ ಮೈ ಹೂತುಕೊಂಡು ಮಲಗುತ್ತೆ. ಎದ್ದಾಗ ಅದರ ಬಣ್ಣವೇ ಬೇರೆ. ಮಲೆನಾಡಿನ ಒಳಾಂಗಣ ಶ್ವಾನ ಸೌಲಭ್ಯ ಅಂದರೆ ಅದು, ಟೆಂಡರ್ ಇಲ್ಲದ್ದು.

ಮಳೆ ಅಂದರೆ ಆಗದಿರೋದು ನಾಯಿಗಲ್ಲ, ಹಗ್ಗದ ಇನ್ನೊಂದು ತುದಿಯಲ್ಲಿರೋರಿಗೆ. ಇದನ್ನು ನೇರವಾಗಿ ಹೇಳಿದ್ದರೆ ನಾನೂ ಒಪ್ಪುತ್ತಿದ್ದೆ. ನನಗೂ ಛತ್ರಿ ಹಿಡಿದು, ಪ್ಯಾಂಟು ಮಡಚಿ, ಇನ್ನೊಬ್ಬರು ಉಚ್ಚೆ ಹೊಯ್ಯೋದನ್ನು ಕಾಯೋದು ಇಷ್ಟವಿಲ್ಲ.

ಇನ್ನು ಆ ಹಾಲ್ ಕಟ್ಟಿದರು ಅಂತಲೇ ಇಟ್ಟುಕೊಳ್ಳಿ. ಜುಲೈ ತಿಂಗಳಲ್ಲಿ ತಗಡಿನ ಶೀಟಿನ ಮೇಲೆ ಮಳೆ ಬಿದ್ದರೆ ಪಕ್ಕದಲ್ಲಿ ಕೂತವರ ಮಾತು ಕೇಳಲ್ಲ. ಪಟಾಕಿಗೆ ಮಂಚದಡಿ ಸೇರೋ ಬ್ರೂನೋ ಅಲ್ಲಿ ಆಟ ಆಡುತ್ತಾನಂತೆ. ಒಂದು ಮರ ಲೈನ್ ಮೇಲೆ ಬಿದ್ದರೆ ಕರೆಂಟು ಹೋಯಿತು, ಫ್ಯಾನು ನಿಂತಿತು. ಬಾಗಿಲು ಮುಚ್ಚಿದ ಹಾಲ್‌ನೊಳಗೆ ಇಪ್ಪತ್ತು ಒದ್ದೆ ನಾಯಿ. ಆ ವಾಸನೆಯನ್ನು ವರ್ಣಿಸೋಕೆ ನನಗೆ ಧೈರ್ಯವಿಲ್ಲ. ಬೀರುವಿನೊಳಗಿನ ಬೆಲ್ಟಿಗೇ ವಾರದಲ್ಲಿ ಬೂಸಲು ಹಿಡಿಯೋ ಊರಿನಲ್ಲಿ ರಬ್ಬರ್ ನೆಲ ಯಾವ ಬಣ್ಣಕ್ಕೆ ತಿರುಗುತ್ತೆ ಅಂತಲೂ ಹೇಳಬೇಕಿಲ್ಲ. ಒಂದು ನಾಯಿ ಕೆಮ್ಮು ತಂದರೆ ಮುಚ್ಚಿದ ಜಾಗದಲ್ಲಿ ಅದು ಎಲ್ಲಕ್ಕೂ ಹತ್ತಿಕೊಳ್ಳುತ್ತೆ. ಪಶುವೈದ್ಯರು ಇದನ್ನು ಹೇಳಿಯೇ ಕೆಮ್ಮಿನ ಲಸಿಕೆ ಹಾಕಿಸಿ ಅನ್ನೋದು.

ನನ್ನ ಕೇಳಿದರೆ ಹೊಸ ಕಟ್ಟಡವೇ ಬೇಡ. ಆಷಾಢದಲ್ಲಿ ಮದುವೆಗಳಿಲ್ಲ, ಜಿಲ್ಲೆಯ ಕಲ್ಯಾಣ ಮಂಟಪಗಳೆಲ್ಲ ಬೀಗ ಹಾಕಿಕೊಂಡು ಬಿದ್ದಿರುತ್ತವೆ. ವಿಶಾಲ ಜಾಗ, ಜನರೇಟರ್, ತೊಳೆಯೋಕೆ ಸುಲಭವಾದ ಊಟದ ಹಾಲ್, ಕಾಲೆತ್ತೋಕೆ ಸಾಲು ಸಾಲು ಕಂಬ. ವೇದಿಕೆ ಮೇಲೆ ವಧೂವರರ ಆ ಕೆಂಪು ಮಖಮಲ್ಲಿನ ಕುರ್ಚಿಗಳೂ ಇವೆ, ಫೋಟೋ ತೆಗೆಯೋಕೆ. ಒಬ್ಬ ಮಂಟಪದ ಮ್ಯಾನೇಜರ್ ಹತ್ತಿರ ಸುಮ್ಮನೆ ಕೇಳಿದೆ. "ನಾಯಿಗಳಿಗೆ ಬೇಕಾದರೆ ಕೊಡ್ತೀನಿ ಸಾರ್, ಗಂಡಿನ ಕಡೆಯವರಷ್ಟು ಗಲಾಟೆ ಮಾಡಲ್ಲ ಅವು" ಅಂದ.

ನಾಯಿಪ್ರೀತಿ ಕನ್ನಡಿಗರಿಗೆ ಹೊಸದು ಅಂತ ಯಾರೂ ಅಂದುಕೊಳ್ಳಬಾರದು. ಮದ್ದೂರು ತಾಲ್ಲೂಕಿನ ಆತಕೂರು ಶಾಸನ ಕ್ರಿ.ಶ. 949ರ ಹೊತ್ತಿನದು. ಚೋಳರ ವಿರುದ್ಧದ ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲರನಿಗೆ ಗಂಗರ ದೊರೆ ಬೂತುಗ ಏನು ಬೇಕೋ ಕೇಳು ಅಂದ. ಅವನು ಕೇಳಿದ್ದು ಕಾಳಿ ಅನ್ನೋ ನಾಯಿ. ಮುಂದೆ ಬೇಟೆಯಲ್ಲಿ ಕಾಳಿ ಒಂದು ಭಾರೀ ಹಂದಿಯ ಮೇಲೆ ಬಿದ್ದು, ಕಾದಾಡಿ, ಎರಡೂ ಸತ್ತವು. ನಾಯಿಯ ಹೆಸರಲ್ಲಿ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ಕಾಳಿಯ ಮನಸ್ಸು ಮಳೆಗಾಲದಲ್ಲಿ ಕುಗ್ಗುತ್ತಿತ್ತು ಅಂತ ಅದರಲ್ಲಿ ಎಲ್ಲೂ ಕೆತ್ತಿಲ್ಲ.

ವಿಷಯಕ್ಕೆ ಬರೋಣ. ಒಳಾಂಗಣ ಶ್ವಾನ ಉದ್ಯಾನ ನಮ್ಮ ಊರುಗಳಲ್ಲಿ ಮೊದಲಿಂದಲೂ ಇದೆ, ಹೊರಗೆ ಬಸ್ ನಿಲ್ದಾಣ ಅಂತ ಬೋರ್ಡು ಇರುತ್ತೆ. ಮಳೆ ಜೋರಾದರೆ ಬೆಂಚಿನ ಕೆಳಗೊಂದು, ಟೈಮ್‌ಟೇಬಲ್ ಅಡಿಯಲ್ಲೊಂದು, ಬೇಕರಿ ಮುಂದೆ ಎರಡು. ಬನ್ನಿನ ತುಂಡು ಹಾಕಿದವರ ಬಸ್ಸು ಬರೋವರೆಗೆ ಕಾವಲು ಕೂರುತ್ತವೆ. ಈಗ ಅದೂ ಇಲ್ಲ. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ಮತ್ತು ರೈಲು ನಿಲ್ದಾಣಗಳಿಂದ ಬೀದಿನಾಯಿಗಳನ್ನು ತೆಗೀರಿ, ಶಸ್ತ್ರಚಿಕಿತ್ಸೆ, ಲಸಿಕೆ ಮಾಡಿಸಿ ಆಶ್ರಯಕೇಂದ್ರದಲ್ಲಿಡಿ, ಅದೇ ಜಾಗಕ್ಕೆ ವಾಪಸ್ ಬಿಡಬೇಡಿ ಅಂದಿದೆ. ಕಚ್ಚಿಸಿಕೊಂಡವರ ಕಷ್ಟ ಗೊತ್ತಿದ್ದವರು ಅದನ್ನು ತಪ್ಪು ಅನ್ನಲಾರರು. ಆದರೆ ಆ ಆಶ್ರಯಕೇಂದ್ರ ಎಲ್ಲಿ ಅಂತ ಕೇಳಿದರೆ ಎಲ್ಲರೂ ಆಕಾಶ ನೋಡುತ್ತಾರೆ. ಅಂದರೆ ಒಂದು ಜಾತಿಯ ನಾಯಿಯನ್ನು ಸೂರಿನಿಂದ ಎಬ್ಬಿಸಿ ಮಳೆಗೆ ಓಡಿಸುವ ವರ್ಷದಲ್ಲೇ ಇನ್ನೊಂದು ಜಾತಿಯ ನಾಯಿಗೆ ಮಳೆ ತಾಗದ ಸೂರು. ನಾಯಿಗಳಲ್ಲಿ ಇದೆಲ್ಲ ಇರಲಿಲ್ಲ. ನಾವೇ ಕಲಿಸಿದ್ದು.

ಬೀದಿನಾಯಿಗಳ ಸಂತಾನಹರಣಕ್ಕೆ ನಿಯಮ ಬಂದದ್ದು 2001ರಲ್ಲಿ, ಹೊಸದಾಗಿ ತಿದ್ದಿದ್ದು 2023ರಲ್ಲಿ. ನಿಯಮಕ್ಕೇನು ಕೊರತೆಯಿಲ್ಲ. ಮರಿಯಾಗಿದ್ದಾಗ ಮುದ್ದಿಸಿ, ಬೆಳೆದ ಮೇಲೆ ಘಾಟಿ ರಸ್ತೆಯಲ್ಲಿ ಕಾರಿನ ಬಾಗಿಲು ತೆಗೆದು ಇಳಿಸಿ ಹೋಗೋ ಪ್ರಾಣಿಪ್ರಿಯರಿಗೂ ಕೊರತೆಯಿಲ್ಲ.

ನಿಜ ಹೇಳಬೇಕೆಂದರೆ ನಗೋಕೆ ಸುಸ್ತಾಗಿದೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಜರಿದು ಮನೆ, ಗದ್ದೆ, ತೋಟ ಎಲ್ಲ ಹೋಯಿತು. ಆ ಜನ ಬದಲಿ ಜಾಗಕ್ಕಾಗಿ ವರ್ಷಗಟ್ಟಲೆ ಕಚೇರಿ ಅಲೆದರು, ಅರ್ಜಿ ಕೊಟ್ಟರು, ಮತ್ತೆ ಅದೇ ಅರ್ಜಿ ಕೊಟ್ಟರು. ಹಳ್ಳ ದಾಟೋ ಕಾಲುಸಂಕಕ್ಕೆ ಅಡಿಕೆ ದಬ್ಬೆ ಹಾಸಿಕೊಂಡು ಮಕ್ಕಳನ್ನು ಕೈಹಿಡಿದು ದಾಟಿಸೋ ಊರುಗಳು ಇವತ್ತೂ ಇವೆ. ಮಳೆ ಜಾಸ್ತಿಯಾದರೆ ಶಾಲೆಗೆ ರಜೆ ಅಂತ ಹೇಳಿ ಕೈ ತೊಳೆದುಕೊಳ್ಳುತ್ತೇವೆ. ಅಂಥ ಊರಿನ ಮಗುವಿಗೆ ನಾಯಿ ಕಚ್ಚಿದರೆ ಕಚ್ಚಿದ ದಿನ, ಮೂರನೇ ದಿನ, ಏಳನೇ ದಿನ, 28ನೇ ದಿನ ಅಂತ ಸೂಜಿಗೆ ಓಡಬೇಕು, ಇರೋ ಒಂದು ಬಸ್ಸಿನಲ್ಲಿ. ತೋಟದ ಲೈನ್ ಮನೆಗಳಲ್ಲಿ ಪಾತ್ರೆ ಇಟ್ಟು ಸೋರೋ ನೀರು ಹಿಡಿಯುತ್ತಾರೆ. ಯಾರ ಮನಸ್ಸು ಕುಗ್ಗಿದೆ ಅಂತ ಅಲ್ಲಿ ಯಾರೂ ಹೋಗಿ ಕೇಳಿಲ್ಲ.

ಮನವಿಯ ಕೊನೆಯ ಪುಟದಲ್ಲಿ ನಿಯಮಾವಳಿಯ ಕರಡು ಇದೆ, ಯಾರೂ ಓದಿದಂತಿಲ್ಲ. ಒಂದು ನಾಯಿಯ ಜೊತೆ ಮಾಲೀಕರ ಕುಟುಂಬದ ಒಬ್ಬರಿಗೆ ಪ್ರವೇಶ; ಸಹಾಯಕರು ಹೊರಗೆ ಕಾಯತಕ್ಕದ್ದು. ನಮ್ಮೂರಿನ ಅರ್ಧಕ್ಕರ್ಧ ಬ್ರೂನೋಗಳನ್ನು ವಾಕಿಂಗ್ ಕರೆದುಕೊಂಡು ಹೋಗೋದು ಮನೆಯ ಡ್ರೈವರ್, ಇಲ್ಲವೇ ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದ ಹುಡುಗ. ಸಹಿಗೆ ಬಂದವರ ಹತ್ತಿರ ಹೇಳಿದೆ, ಆ ಹುಡುಗ ಕಾಯೋ ಜಾಗಕ್ಕೂ ನಾಲ್ಕು ಶೀಟು ಹೊದಿಸಿ ಅಂತ ಒಂದು ಸಾಲು ಸೇರಿಸಿ, ಕಣ್ಣು ಮುಚ್ಚಿಕೊಂಡು ಸಹಿ ಹಾಕ್ತೀನಿ.

"ಅದು ಎರಡನೇ ಹಂತದಲ್ಲಿ ಬರುತ್ತೆ ಸಾರ್" ಅಂದರು.